‘ಯಾರು ಮಾಡಿದ್ದು?’ ಎಂದು ಕೇಳುವ ಮೊದಲು: ಕೆಲಸದ ಜಾಗದ ಸಮಸ್ಯೆ ಬಿಡಿಸುವ ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳ ಒಂದು ಬೆಳಿಗ್ಗೆ. ಹೊರಗೆ ಜಡಿಮಳೆ. ಕಾರ್ಕಳದ ಕಡೆಯ ಒಂದು ಗೇರುಬೀಜದ ಕಾರ್ಖಾನೆಯ ಆಫೀಸಿನಲ್ಲಿ ನಾವು ಆರು ಮಂದಿ ನಿಂತಿದ್ದೆವು. ಕುಳಿತವರು ದನಿಗಳು, ಅಂದರೆ ಕಾರ್ಖಾನೆಯ ಯಜಮಾನರು, ಒಬ್ಬರೇ. ಮೇಜಿನ ಮೇಲೆ ಮುಂಬೈಯ ವ್ಯಾಪಾರಿ ವಾಪಸ್ ಕಳಿಸಿದ ಗೋಡಂಬಿ ಪ್ಯಾಕೆಟ್ಟು. ದನಿಗಳು ಅದರಿಂದ ಒಂದು ಗೋಡಂಬಿ ತೆಗೆದು ಎರಡು ಬೆರಳಲ್ಲಿ ಒತ್ತಿದರು. ಕಟ್ ಅಂತ ಮುರಿಯಬೇಕಿತ್ತು. ಮುರಿಯಲಿಲ್ಲ, ಬಗ್ಗಿತು.

"ಇದನ್ನು ಪ್ಯಾಕ್ ಮಾಡಿದ್ದು ಯಾರು ಮಾರಾಯ್ರೆ?"

ಕೇಳಿದ್ದು ಅಷ್ಟೇ. ಆಮೇಲಿನ ಅರ್ಧ ಗಂಟೆ ಹೇಗೆ ಹೋಗಿರಬಹುದು ಎಂದು ಯಾವ ಆಫೀಸಿನಲ್ಲಿ ಕೆಲಸ ಮಾಡಿದವರಿಗೂ ಗೊತ್ತು. ಒಣಗಿಸುವವರು ಸೀಲಿಂಗ್ ಮಿಷನ್ ಹಾಳು ಎಂದರು. ಸೀಲಿಂಗ್‌ನವನು ಬೀಜ ಸರಿ ಒಣಗದೆ ಬರುತ್ತಿದೆ ಎಂದ. ಲಾರಿಯವರ ಮೇಲೂ ಒಂದು ಮಾತು ಬಂತು. ಅವರು ಅಲ್ಲಿರಲಿಲ್ಲವಲ್ಲ, ಸುಲಭ. ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದವನು ನಾನು. ನನಗೆ ಬೈಗುಳ ತಪ್ಪಿಸಿಕೊಳ್ಳುವುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

‘ಯಾರು?’ ಎಂಬ ಪ್ರಶ್ನೆಯ ತೊಂದರೆ ಇದು. ಕೇಳಿದ ಕೂಡಲೇ ಎಲ್ಲರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ, ಇಲ್ಲವೇ ಪಕ್ಕದವನತ್ತ ಬೆರಳು ತೋರಿಸುತ್ತಾರೆ. ಸಮಸ್ಯೆಯ ಸುದ್ದಿ ಅಲ್ಲಿಗೆ ನಿಂತಿತು. ಯಾವಾಗ, ಎಲ್ಲಿ, ಎಷ್ಟು ಎಂದು ಕೇಳಿದ್ದರೆ ಅದೇ ಆರು ಮಂದಿ ಬೇರೆ ರೀತಿ ಮಾತಾಡುತ್ತಿದ್ದರು.

ವಿಮರ್ಶಾತ್ಮಕ ಚಿಂತನೆ ಎಂದು ಪುಸ್ತಕಗಳಲ್ಲಿ ದೊಡ್ಡ ಹೆಸರು ಉಂಟು. ನನ್ನ ಲೆಕ್ಕದಲ್ಲಿ ಅದು ತೆಂಗಿನಕಾಯಿ ಕೊಳ್ಳುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇವಲ್ಲ, ಅದೇ. ಕಂಡದ್ದನ್ನು ಹಾಗೇ ನಂಬದೆ ಒಮ್ಮೆ ಅಲ್ಲಾಡಿಸುವುದು. ಬೇರೆಯವರ ಮಾತನ್ನು ಅಲ್ಲಾಡಿಸುವುದು ಸುಲಭ. ನಮ್ಮದೇ ಮಾತನ್ನು ಅಲ್ಲಾಡಿಸುವುದು ಕಷ್ಟ. ಈ ಗೋಡಂಬಿಯ ಕತೆಯನ್ನೇ ಹಿಡಿದುಕೊಂಡು, ಆಫೀಸಿರಲಿ, ಹೋಟೆಲಿರಲಿ, ಬ್ಯಾಂಕಿರಲಿ, ಒಂದು ಸಮಸ್ಯೆಯನ್ನು ಹೇಗೆ ಬಿಡಿಸಬಹುದು ಎಂದು ಹೇಳುತ್ತೇನೆ. ನಾನು ಎಲ್ಲೆಲ್ಲಿ ಎಡವಿದೆ ಎಂಬುದನ್ನೂ ಬಿಡುವುದಿಲ್ಲ.

ಒಂದು ಮಾತು ಮೊದಲೇ. ಚಹಾಕ್ಕೆ ಹಾಲು ಮುಗಿದಿದ್ದರೆ ಹಾಲು ತನ್ನಿ. ಅದಕ್ಕೆ ಈ ವಿಧಾನ ಬೇಡ. ಕಾರಣ ಗೊತ್ತಿಲ್ಲದ, ಅಥವಾ ಸರಿ ಮಾಡಿದ ಮೇಲೂ ಮತ್ತೆ ಮತ್ತೆ ಬರುವ ಸಮಸ್ಯೆಗೆ ಮಾತ್ರ ಇಷ್ಟು ಕಷ್ಟ ಪಡಬೇಕು.

ಹೆಜ್ಜೆ 1: ಸೋರುವಲ್ಲಿ ಮೊದಲು ಪಾತ್ರೆ ಇಡಿ

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಕಡೆ ಹಂಚಿನ ಮಾಡು (ಛಾವಣಿ) ಮನೆಮಾತಾಯಿತು. ಹಾಗಾಗಿ ಸೋರುವ ಮಾಡಿನ ವಿಷಯ ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ರಾತ್ರಿ ಸೋರಿದರೆ ಮೊದಲು ಕೆಳಗೆ ಪಾತ್ರೆ ಇಡುತ್ತೇವೆ. ಮಾಡು ಹತ್ತುವುದು ಬೆಳಗಾದ ಮೇಲೆ, ಮಳೆ ಬಿಟ್ಟ ಮೇಲೆ. ಮತ್ತೊಂದು ಸಂಗತಿಯೂ ಗೊತ್ತು: ನೀರು ಬೀಳುವ ಜಾಗದ ನೇರ ಮೇಲೆ ಒಡೆದ ಹಂಚು ಇರಬೇಕೆಂದಿಲ್ಲ. ಎಲ್ಲೋ ಮೇಲಿನಿಂದ ಪಕ್ಕಾಸಿನ (ಹಂಚಿನ ಕೆಳಗಿನ ಮರದ) ಮೇಲೆ ಹರಿದು ಬಂದು ಇಲ್ಲಿ ತೊಟ್ಟಿಕ್ಕುತ್ತಿರುತ್ತದೆ.

ಕೆಲಸದಲ್ಲೂ ಪಾತ್ರೆ ಇಡುವ ಕೆಲಸ ಬೇರೆ, ಹಂಚು ಹುಡುಕುವ ಕೆಲಸ ಬೇರೆ. ನಾವು ಅವತ್ತು ಗೋದಾಮಿನಲ್ಲಿದ್ದ ಕಾರ್ಟನ್‌ಗಳನ್ನು ತಡೆದು ನಿಲ್ಲಿಸಿದೆವು. ವ್ಯಾಪಾರಿಗೆ ಬದಲಿ ಮಾಲು ಕಳಿಸುತ್ತೇವೆ ಎಂದೆವು. ಇಷ್ಟು ಮಾಡಿದ್ದು ಸರಿ. ಆದರೆ ಹೆಚ್ಚಿನ ಕಡೆ ಪಾತ್ರೆ ಇಟ್ಟ ಮೇಲೆ ಎಲ್ಲರೂ ಮನೆಗೆ ಹೋಗುತ್ತಾರೆ. ಪಾತ್ರೆ ತುಂಬಿದಾಗ ಮತ್ತೆ ಮೀಟಿಂಗು.

ಹೆಜ್ಜೆ 2: ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ, ಅದರಲ್ಲಿ ಯಾರ ಹೆಸರೂ ಬೇಡ

ಬಾಯಲ್ಲಿ ಹೇಳಬೇಡಿ, ಬರೆಯಿರಿ. ಬರೆಯಲು ಕುಳಿತಾಗಲೇ ನಮಗೆ ಎಷ್ಟು ಕಡಿಮೆ ಗೊತ್ತಿದೆ ಎಂದು ತಿಳಿಯುತ್ತದೆ.

ನಮ್ಮ ಮೀಟಿಂಗಿನಲ್ಲಿ ಬಂದ ವಾಕ್ಯ: ‘ಪ್ಯಾಕಿಂಗ್‌ನವರು ಗಮನ ಕೊಡುತ್ತಿಲ್ಲ.’ ಇದು ಸಮಸ್ಯೆ ಅಲ್ಲ, ತೀರ್ಪು. ‘ಸೀಲಿಂಗ್ ಮಿಷನ್ ಬದಲಿಸಬೇಕು’ ಎಂಬುದೂ ಸಮಸ್ಯೆ ಅಲ್ಲ, ಅದು ಪರಿಹಾರ. ಸಮಸ್ಯೆ ಹೀಗಿರಬೇಕು: ‘ಜೂನ್‌ನಲ್ಲಿ ಪ್ಯಾಕ್ ಆದ ಡಬ್ಲ್ಯು 320 ಗೋಡಂಬಿಯ 14 ಕಾರ್ಟನ್‌ಗಳಲ್ಲಿ ಗೋಡಂಬಿ ಮೆತ್ತಗಾಗಿದೆ.’ ಏನು, ಯಾವಾಗ, ಎಷ್ಟು. ಸಿಟ್ಟು ಇಲ್ಲ, ಹೆಸರಿಲ್ಲ.

(ಗೊತ್ತಿಲ್ಲದವರಿಗೆ: ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ ಸುಮಾರು 300ರಿಂದ 320 ತೂಗುವ ಇಡೀ ಗೋಡಂಬಿ. 240, 180 ಎಂದರೆ ಅದಕ್ಕಿಂತ ದೊಡ್ಡದು. ಅಂಕಿ ಚಿಕ್ಕದಾದಷ್ಟೂ ಬೀಜ ದೊಡ್ಡದು, ಬೆಲೆ ಜಾಸ್ತಿ.)

ವಾಕ್ಯ ಬರೆದ ಮೇಲೆ ಅದನ್ನು ಒಮ್ಮೆ ತಿರುಗಿಸಿ ನೋಡಿ. ಪ್ರಶ್ನೆ ಕೇಳುವ ಬಗೆ ಬದಲಾದರೆ ಉತ್ತರವೇ ಬದಲಾಗುತ್ತದೆ. ಇದಕ್ಕೆ ಉಡುಪಿಯಲ್ಲೇ ಒಳ್ಳೆಯ ಉದಾಹರಣೆ ಉಂಟು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1925ರಲ್ಲಿ ಉಡುಪಿಯಲ್ಲಿ ಶುರುವಾಯಿತು. ಬಡವರು ಬ್ಯಾಂಕಿಗೆ ಬಂದು ಹಣ ಇಡುವುದಿಲ್ಲ ಎಂಬುದು ಆಗ ಯಾವ ಬ್ಯಾಂಕಿಗೂ ಇದ್ದ ಸ್ಥಿತಿ. ‘ಇವರನ್ನು ಹೇಗೆ ಬ್ಯಾಂಕಿಗೆ ಕರೆಸುವುದು?’ ಎಂದು ಕೇಳಿದರೆ ಬೋರ್ಡು, ಜಾಹೀರಾತು, ಬಡ್ಡಿ ಎಂಬ ಉತ್ತರ ಬರುತ್ತದೆ. ‘ದಿನಗೂಲಿಯವನ ಕೈಯಲ್ಲಿ ಸಂಜೆ ಉಳಿಯುವ ಚಿಲ್ಲರೆ ಬ್ಯಾಂಕಿಗೆ ಹೇಗೆ ತಲುಪಬಹುದು?’ ಎಂದು ಕೇಳಿದರೆ ಬೇರೆ ಉತ್ತರ. 1928ರಲ್ಲಿ ಬಂದ ಪಿಗ್ಮಿ ಠೇವಣಿ ಈ ಎರಡನೇ ಪ್ರಶ್ನೆಯ ಉತ್ತರ: ಏಜೆಂಟ್ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ತೆಗೆದುಕೊಂಡು ಹೋಗುವುದು. ಪಿಗ್ಮಿ ಕಲೆಕ್ಟರ್ ಇವತ್ತಿಗೂ ನಮ್ಮ ಅಂಗಡಿಗಳಿಗೆ ಬರುತ್ತಾರೆ.

ಹಾಗಾಗಿ ನಿಮ್ಮ ವಾಕ್ಯವನ್ನು ಕನಿಷ್ಠ ಎರಡು ರೀತಿ ಬರೆಯಿರಿ. ‘ಸಿಬ್ಬಂದಿ ರಿಪೋರ್ಟನ್ನು ತಡವಾಗಿ ಕೊಡುತ್ತಾರೆ’ ಎಂಬುದನ್ನು ‘ರಿಪೋರ್ಟಿಗೆ ಬೇಕಾದ ಅಂಕಿಗಳು 28ನೇ ತಾರೀಕಿನ ಮೊದಲು ಸಿಗುವುದಿಲ್ಲ’ ಎಂದು ಬರೆಯಲು ಆಗುತ್ತದೆಯೇ ನೋಡಿ. ಅರ್ಧ ಸಮಸ್ಯೆಗಳು ಇಲ್ಲೇ ಬಿಡಿಸಿಕೊಳ್ಳುತ್ತವೆ.

ಹೆಜ್ಜೆ 3: ಎಲ್ಲಿ ಆಗಿದೆ, ಎಲ್ಲಿ ಆಗಿಲ್ಲ

ಒಂದು ಹಾಳೆ ತೆಗೆದು ನಡುವೆ ಗೆರೆ ಎಳೆಯಿರಿ. ಎಡಗಡೆ ‘ಆಗಿದೆ’, ಬಲಗಡೆ ‘ಆಗಬಹುದಿತ್ತು, ಆದರೆ ಆಗಿಲ್ಲ’. ಇದನ್ನು ಒಂದು ಪದ್ಧತಿಯಾಗಿ ರೂಪಿಸಿದವರು ಅಮೆರಿಕದ ಚಾರ್ಲ್ಸ್ ಕೆಪ್ನರ್ ಮತ್ತು ಬೆಂಜಮಿನ್ ಟ್ರೆಗೋ. ನನಗೆ ಗೊತ್ತಿರುವ ಉಪಾಯಗಳಲ್ಲೆಲ್ಲ ಇದಕ್ಕಿಂತ ಅಗ್ಗದ್ದು, ಇದಕ್ಕಿಂತ ಕೆಲಸಕ್ಕೆ ಬರುವಂಥದ್ದು ಇನ್ನೊಂದಿಲ್ಲ. ಎಡಗಡೆಯನ್ನು ಎಲ್ಲರೂ ನೋಡುತ್ತಾರೆ. ಸುಳಿವು ಇರುವುದು ಬಲಗಡೆ.

ನಮ್ಮ ಹಾಳೆ ಹೀಗಿತ್ತು. ಜೂನ್ ಮಾಲಿಗೆ ದೂರು ಬಂದಿದೆ, ಮೇ ತಿಂಗಳದ್ದಕ್ಕೆ ಇಲ್ಲ. ಪೌಚಿನಲ್ಲಿ ಹೋದ ಮಾಲಿಗೆ ಬಂದಿದೆ, ಟಿನ್ನಿನಲ್ಲಿ ಹೋದದ್ದಕ್ಕೆ ಇಲ್ಲ. ಒಬ್ಬ ವ್ಯಾಪಾರಿಯಿಂದ ಮಾತ್ರ ಬಂದಿದೆ.

ಆಮೇಲೆ ಪ್ಯಾಕಿಂಗ್ ರಿಜಿಸ್ಟರ್ ತೆಗೆದು 14 ಕಾರ್ಟನ್‌ಗಳ ಬ್ಯಾಚ್ ನಂಬರು ನೋಡಿದಾಗ ನನಗೆ ಕುರ್ಚಿಯಿಂದ ಏಳುವಂತಾಯಿತು. 11 ಕಾರ್ಟನ್ ಸೋಮವಾರ ಪ್ಯಾಕ್ ಆದವು. 2 ಮಂಗಳವಾರ. 1 ಗುರುವಾರ.

ಇನ್ನೂ ಸ್ವಾರಸ್ಯ ಬಲಗಡೆಯ ಕಾಲಮಿನಲ್ಲಿತ್ತು. ಜೂನ್‌ನಲ್ಲಿ ನಾಲ್ಕು ಸೋಮವಾರ. ಮೂರರ ಮಾಲಿಗೆ ದೂರು ಬಂದಿದೆ, ಒಂದು ಸೋಮವಾರದ್ದಕ್ಕೆ ಒಂದೂ ಇಲ್ಲ. ಆ ವಾರ ಏನು ಬೇರೆ ಇತ್ತು? ಹಾಜರಿ ಪುಸ್ತಕ ನೋಡಿದೆವು. ಗಾಳಿಮಳೆಗೆ ಕರೆಂಟು ಲೈನಿನ ಮೇಲೆ ಮರ ಬಿದ್ದು ಶನಿವಾರ ಕೆಲಸವೇ ಆಗಿರಲಿಲ್ಲ. ಶುಕ್ರವಾರವೇ ಇದ್ದದ್ದನ್ನೆಲ್ಲ ಪ್ಯಾಕ್ ಮಾಡಿ ಮುಗಿಸಿದ್ದೆವು. ಅಂದರೆ ಭಾನುವಾರ ಟ್ರೇಗಳಲ್ಲಿ ಗೋಡಂಬಿ ಉಳಿದಿರಲಿಲ್ಲ.

ರಿಜಿಸ್ಟರ್ ಇಲ್ಲದ ಕಡೆ ಏನು ಮಾಡುವುದು? ಒಂದು ವಾರ ಗೀಟು ಹಾಕಿ. ಮಂಗಳೂರಿನಲ್ಲಿ ಹೋಟೆಲ್ ನಡೆಸುವ ನನ್ನ ಗೆಳೆಯನಿಗೆ ಪಾರ್ಸೆಲ್ ತಡವಾಗುತ್ತದೆ ಎಂಬ ದೂರು ತಪ್ಪುತ್ತಿರಲಿಲ್ಲ. ಅವನು ದಿನಾ ಅಡುಗೆಯವರಿಗೆ ಬೈಯುತ್ತಿದ್ದ. ಕ್ಯಾಶ್ ಕೌಂಟರಿನಲ್ಲಿ ಒಂದು ರಟ್ಟು ಇಟ್ಟು, ತಡವಾದ ಪ್ರತಿ ಪಾರ್ಸೆಲಿಗೆ ಗಂಟೆ ಮತ್ತು ತಿಂಡಿಯ ಹೆಸರು ಬರೆಯಲು ಹೇಳಿದೆ. ಐದನೇ ದಿನಕ್ಕೆ ಗೊತ್ತಾಯಿತು. ಊಟದ ಪಾರ್ಸೆಲ್ ತಡ ಆಗುತ್ತಿರಲಿಲ್ಲ. ಬೆಳಿಗ್ಗೆಯ ಇಡ್ಲಿ, ದೋಸೆ ಮಾತ್ರ ತಡ. ದೋಸೆ ಹುಯ್ಯುವುದರಲ್ಲಿ ತಡವಿಲ್ಲ, ಚಟ್ನಿ ಸಾಂಬಾರು ಸಣ್ಣ ಸಣ್ಣ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಗಂಟು ಹಾಕುವುದರಲ್ಲಿ ತಡ. ಮುಚ್ಚಳದ ಡಬ್ಬಿ ತರಿಸಿದ. ಅಡುಗೆಯವರ ಹತ್ತಿರ ಕ್ಷಮೆ ಕೇಳಿದನೋ ಇಲ್ಲವೋ ನಾನು ಕೇಳಲಿಲ್ಲ.

ಹೆಜ್ಜೆ 4: ಕೈ ಹಾಕುವವರನ್ನು ಕೇಳಿ, ಮೀಟಿಂಗಿನಲ್ಲಿ ಅಲ್ಲ

ಗ್ರೇಡಿಂಗ್ ಮಾಡುವ ಹೆಂಗಸರು ಹತ್ತು ಗಂಟೆಗೆ ಚಹಾ ಕುಡಿಯುತ್ತಾರೆ. ನಾನೂ ಒಂದು ಲೋಟ ಹಿಡಿದು ಅಲ್ಲಿ ಕುಳಿತೆ. ಅವರಲ್ಲಿ ಹಿರಿಯ ಅಕ್ಕ ಒಬ್ಬರಿಗೆ ಆ ಕೆಲಸದಲ್ಲಿ ನನ್ನ ವಯಸ್ಸಿನಷ್ಟೇ ಅನುಭವ.

"ಅಕ್ಕ, ಸೋಮವಾರದ ಬೀಜದಲ್ಲಿ ಎಂತದಾದರೂ ವ್ಯತ್ಯಾಸ ಉಂಟಾ?"

"ಉಂಟಲ್ಲ. ಕೈಗೇ ಗೊತ್ತಾಗ್ತದೆ. ಟ್ರೇಗೆ ಸುರಿದ್ರೆ ಗಲಗಲ ಅನ್ನುದಿಲ್ಲ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀವು ಕೇಳ್ಲಿಲ್ಲ. ಹೇಳಿದ್ರೆ ನಮ್ಮದೇ ತಪ್ಪು ಅಂತ ಆಗ್ತದೆ, ಅಲ್ವಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರಿಜಿಸ್ಟರ್ ಎರಡು ದಿನ ತಿರುವಿ ಹಾಕಿ ನಾನು ಕಂಡುಹಿಡಿದದ್ದು ಅವರ ಬೆರಳಿಗೆ ಮೂರು ವಾರದಿಂದ ಗೊತ್ತಿತ್ತು.

ಕೇಳುವ ರೀತಿಯ ಬಗ್ಗೆ ನಾನು ಕಲಿತದ್ದು ಇಷ್ಟು. ‘ಯಾಕೆ ಹೀಗೆ ಮಾಡಿದಿರಿ?’ ಎನ್ನಬೇಡಿ, ‘ಮಾಡುವಾಗ ಏನು ಕಾಣುತ್ತದೆ, ತೋರಿಸಿ’ ಎನ್ನಿ. ಎಲ್ಲರ ಎದುರು ಕೇಳಬೇಡಿ. ಅವರು ಮನೆಯಲ್ಲಿ ಮಾತಾಡುವುದು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿದ್ದರೆ, ನಿಮಗೆ ಬರುವುದಾದರೆ, ಅದರಲ್ಲೇ ಕೇಳಿ. ಆಫೀಸಿನ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಜನ ಹುಷಾರಾಗಿ ಮಾತಾಡುತ್ತಾರೆ. ಹುಷಾರಾಗಿ ಆಡಿದ ಮಾತಿನಲ್ಲಿ ಸುಳಿವು ಕಡಿಮೆ. ಅವರು ಹೇಳಿದ್ದರಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ನೀವು ಬೇರೆ ಮಾಡಿಕೊಳ್ಳಬೇಕು. ‘ಗಲಗಲ ಅನ್ನುವುದಿಲ್ಲ’ ಎಂಬುದು ಕಂಡದ್ದು. ‘ಬೋರ್ಮಾ ಸರಿ ಇಲ್ಲ ಕಾಣ್ತದೆ’ ಎಂದು ಅಕ್ಕ ಆಮೇಲೆ ಸೇರಿಸಿದರು, ಅದು ಊಹೆ. ಬೋರ್ಮಾ ಎಂದರೆ ಸಿಪ್ಪೆ ಸುಲಿಯುವ ಮೊದಲು ಬೀಜ ಒಣಗಿಸುವ ಬಿಸಿ ಕೋಣೆ. ಅದು ಸರಿಯಾಗೇ ಇತ್ತು.

ಹೆಜ್ಜೆ 5: ಕಾರಣಗಳನ್ನೆಲ್ಲ ಮುಳ್ಳಿಗೆ ಸಿಕ್ಕಿಸಿ

ಜಪಾನಿನ ಕವೋರು ಇಶಿಕಾವಾ 1960ರ ದಶಕದಲ್ಲಿ ಕವಾಸಾಕಿ ಹಡಗುಕಟ್ಟೆಯಲ್ಲಿ ಬಳಕೆಗೆ ತಂದ ಚಿತ್ರ ಒಂದುಂಟು, ಮೀನಿನ ಮುಳ್ಳಿನ ಹಾಗೆ. ತಲೆಯಲ್ಲಿ ಸಮಸ್ಯೆ, ಬೆನ್ನೆಲುಬಿನಿಂದ ಹೊರಟ ಒಂದೊಂದು ಮುಳ್ಳಿಗೆ ಒಂದೊಂದು ಬಗೆಯ ಕಾರಣ. ಬಂಗುಡೆ ತಿಂದವರಿಗೆ ಇದನ್ನು ಬಿಡಿಸುವುದು ಹೇಳಿಕೊಡಬೇಕಾಗಿಲ್ಲ. ನಮ್ಮ ಮುಳ್ಳುಗಳು ಆರು: ಯಂತ್ರ, ಸಾಮಾನು, ಜನ, ಕೆಲಸದ ರೀತಿ, ಅಳತೆ, ಹವೆ. ಕರಾವಳಿಯಲ್ಲಿ ಕೆಲಸ ಮಾಡುವವರು ಹವೆಯ ಮುಳ್ಳನ್ನು ಯಾವತ್ತೂ ಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ.

ಚಿತ್ರದ ಉಪಯೋಗ ಒಂದೇ: ಮೊದಲು ತಲೆಗೆ ಬಂದ ಕಾರಣಕ್ಕೆ ಅಂಟಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಹತ್ತು ನಿಮಿಷ ಸಾಕು. ಇದರ ಮೇಲೆ ದಿನಗಟ್ಟಲೆ ವರ್ಕ್‌ಶಾಪ್ ಮಾಡುವವರನ್ನು ನೋಡಿದ್ದೇನೆ. ಚಿತ್ರ ಚಂದ ಬರುತ್ತದೆ, ಕಾರಣ ಸಿಗುವುದಿಲ್ಲ.

ಹೆಜ್ಜೆ 6: ನಿಮ್ಮ ಊಹೆಯನ್ನು ಸೋಲಿಸಲು ನೋಡಿ

ಇಲ್ಲೇ ನಾನು ಬಿದ್ದದ್ದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ರಿಜಿಸ್ಟರ್ ನೋಡುವ ಮೊದಲು, ಮೀಟಿಂಗ್ ಮುಗಿದ ಮರುದಿನವೇ, ನಾನು ಸೀಲಿಂಗ್ ಮಿಷನ್ನೇ ಕಳ್ಳ ಎಂದು ತೀರ್ಮಾನ ಮಾಡಿದ್ದೆ. ಸಾಕ್ಷಿಯೂ ಇತ್ತು: ಟಿನ್ ಮಾಲಿಗೆ ದೂರಿಲ್ಲ, ಪೌಚಿಗೆ ಮಾತ್ರ ದೂರು. ಪೌಚ್ ಆ ಮಿಷನ್ನಿನಲ್ಲಿ ಸೀಲ್ ಆಗುತ್ತದೆ, ಟಿನ್ ಆಗುವುದಿಲ್ಲ. ಇನ್ನೆಂತ ಬೇಕು? ಹೊಸ ಹೀಟಿಂಗ್ ಎಲಿಮೆಂಟ್, ಹೊಸ ಟೆಫ್ಲಾನ್ ಪಟ್ಟಿ ಹಾಕಿಸಿದೆ. ಏಳೆಂಟು ಸಾವಿರ ಖರ್ಚು. ದನಿಗಳಿಗೆ ‘ಸರಿ ಆಯ್ತು’ ಎಂದೂ ಹೇಳಿದೆ. ಹತ್ತು ದಿನದ ಮೇಲೆ ಸಂಶಯ ಬಂದು ಒಂದು ಪೌಚ್ ಒಡೆದು ನೋಡಿದರೆ ಅದೇ ಮೆತ್ತಗಿನ ಗೋಡಂಬಿ.

ತಪ್ಪಿದ್ದೆಲ್ಲಿ? ಟಿನ್ ಪ್ಯಾಕಿಂಗ್ ನಮ್ಮಲ್ಲಿ ಬುಧವಾರ, ಗುರುವಾರ ಮಾತ್ರ ಆಗುತ್ತಿತ್ತು. ಸೋಮವಾರ ಬರೀ ಪೌಚು. ಅಂದರೆ ಪೌಚು ಮತ್ತು ಸೋಮವಾರ ಜೊತೆಜೊತೆಗೇ ಬರುತ್ತಿದ್ದವು. ನಾನು ಪೌಚನ್ನು ನೋಡಿದೆ, ಸೋಮವಾರವನ್ನು ನೋಡಲಿಲ್ಲ. ಎರಡು ಸಂಗತಿ ಒಟ್ಟಿಗೆ ನಡೆಯುತ್ತಿದ್ದರೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ, ಮೂರನೆಯದು ಒಂದು ಎರಡನ್ನೂ ಎಳೆಯುತ್ತಿರಬಹುದು. ಇದನ್ನು ಓದಿ ತಲೆ ಆಡಿಸುವುದು ಸುಲಭ. ಕೈಯಲ್ಲಿ ಸ್ಪ್ಯಾನರ್ ಹಿಡಿದಾಗ ನೆನಪಿಗೆ ಬರುವುದಿಲ್ಲ.

ಚಹಾದ ಹೊತ್ತಿಗೆ ಆಡಬಹುದಾದ ಒಂದು ಆಟ ಉಂಟು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಗೆಳೆಯರಿಗೆ ಹೇಳಿ: "2, 4, 6. ಈ ಮೂರು ಅಂಕಿ ನನ್ನ ಮನಸ್ಸಿನಲ್ಲಿರುವ ಒಂದು ನಿಯಮಕ್ಕೆ ಸರಿ ಹೊಂದುತ್ತವೆ. ನೀವು ಬೇರೆ ಮೂರು ಅಂಕಿ ಹೇಳಿ, ಹೊಂದುತ್ತದೋ ಇಲ್ಲವೋ ನಾನು ಹೇಳುತ್ತೇನೆ. ನಿಯಮ ಗೊತ್ತಾಯಿತು ಅನಿಸಿದಾಗ ಹೇಳಿ." ಹೆಚ್ಚಿನವರು 8, 10, 12 ಎನ್ನುತ್ತಾರೆ. ಸರಿ. 20, 22, 24. ಸರಿ. "ಎರಡೆರಡು ಕೂಡಿಸುತ್ತ ಹೋಗುವುದು!" ತಪ್ಪು. ನಿಯಮ ಬರೀ ‘ಒಂದಕ್ಕಿಂತ ಒಂದು ದೊಡ್ಡದು’ ಎಂದಷ್ಟೇ. 1, 7, 50 ಎಂದು ಕೇಳಿದ್ದರೆ ಊಹೆ ಅಲ್ಲೇ ಬೀಳುತ್ತಿತ್ತು. ಆದರೆ ತನ್ನ ಊಹೆ ಸೋಲುವಂಥ ಪ್ರಶ್ನೆ ಕೇಳಲು ಯಾರಿಗೂ ಮನಸ್ಸು ಬರುವುದಿಲ್ಲ.

ಆದ್ದರಿಂದ ನಿಮ್ಮ ಊಹೆಯ ಕೆಳಗೆ ಒಂದು ಸಾಲು ಬರೆಯಿರಿ: ‘ಇದು ಸುಳ್ಳಾಗಿದ್ದರೆ ನನಗೆ ಏನು ಕಾಣಬೇಕು?’ ಆಮೇಲೆ ಅದನ್ನೇ ಹುಡುಕಿಕೊಂಡು ಹೋಗಿ. ಸೀಲಿಂಗ್ ಕಾರಣವಾಗಿದ್ದರೆ ಪೌಚುಗಳಿಂದ ಗಾಳಿ ಸೋರಬೇಕು. ನೋಡುವುದು ಸುಲಭ, ಒಂದು ಬಕೆಟ್ ನೀರಿನಲ್ಲಿ ಪೌಚನ್ನು ಅದುಮಿ ಹಿಡಿದರೆ ಸೋರುವಲ್ಲಿ ಗುಳ್ಳೆ ಬರುತ್ತದೆ. ಖರ್ಚಿಲ್ಲ. ಎಲಿಮೆಂಟ್ ಬದಲಿಸುವ ಮೊದಲು ಮಾಡಬೇಕಿತ್ತು, ಬದಲಿಸಿದ ಮೇಲೆ ಮಾಡಿದೆ. ಗೋದಾಮಿನಲ್ಲಿ ತಡೆದಿಟ್ಟ ಜೂನ್ ಮಾಲಿನಿಂದ 20 ಪೌಚ್ ತೆಗೆದು ಅದುಮಿದೆವು. ಒಂದರಲ್ಲಿ ಗುಳ್ಳೆ ಬಂತು. ಅದು ಗುರುವಾರದ ಬ್ಯಾಚು. ಸೀಲಿಂಗಿನಲ್ಲೂ ಸಣ್ಣ ದೋಷ ಇತ್ತು, ಆ ಒಂದು ಗುರುವಾರದ ಕಾರ್ಟನ್ ಅದರಿಂದಲೇ ಹಾಳಾಗಿರಬೇಕು. ಆದರೆ ಉಳಿದ 13ಕ್ಕೆ ಅದು ಉತ್ತರ ಅಲ್ಲ.

ಆಮೇಲೆ ಸೋಮವಾರದ ಊಹೆಗೂ ಪರೀಕ್ಷೆ ಇಟ್ಟೆವು. ಶನಿವಾರ ಸಂಜೆ ಒಂದೇ ಲಾಟಿನ ಗೋಡಂಬಿ, ಮೂರು ಟ್ರೇ. ಮೀಟರಿನಲ್ಲಿ ತೇವಾಂಶ 4.2. ಒಂದನ್ನು ಎಂದಿನ ಹಾಗೆ ತೆರೆದಿಟ್ಟೆವು. ಇನ್ನೊಂದನ್ನು ದಪ್ಪ ಪ್ಲಾಸ್ಟಿಕ್ ಲೈನರಿನಲ್ಲಿ ಬಿಗಿಯಾಗಿ ಕಟ್ಟಿದೆವು. ಮೂರನೆಯದನ್ನು ತೇವ ಎಳೆಯುವ ಮಿಷನ್ ಓಡುವ ಸಣ್ಣ ಕೋಣೆಯಲ್ಲಿಟ್ಟೆವು. ಸೋಮವಾರ ಬೆಳಿಗ್ಗೆ ತೆರೆದದ್ದು 6.1, ಕಟ್ಟಿದ್ದು 4.4, ಕೋಣೆಯದ್ದು 4.3. ಗೋಡಂಬಿಯ ತೇವಾಂಶ ಶೇಕಡಾ 5 ದಾಟಬಾರದು ಎಂಬುದು ವ್ಯಾಪಾರದ ನಿಯಮ. ಮುಂದಿನ ವಾರ ಮತ್ತೊಮ್ಮೆ ಮಾಡಿದೆವು. ಒಂದೇ ಸಲ ಬಂದ ಫಲಿತಾಂಶವನ್ನು ನಾನು ಈಗ ಪೂರ್ತಿ ನಂಬುವುದಿಲ್ಲ.

ಇನ್ನೊಂದು ಬಲೆ ಉಂಟು, ಕಣ್ಣಿಗೆ ಬಿದ್ದದ್ದನ್ನು ಮಾತ್ರ ಲೆಕ್ಕ ಹಾಕುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞ, ಹಾರಿ ವಾಪಸ್ ಬಂದ ವಿಮಾನಗಳ ಮೇಲಿನ ಗುಂಡಿನ ತೂತುಗಳನ್ನು ಹಿಡಿದುಕೊಂಡು ವಾಪಸ್ ಬಾರದ ವಿಮಾನಗಳ ಬಗ್ಗೆ ಲೆಕ್ಕ ಹಾಕುವ ದಾರಿ ತೋರಿಸಿದ. ವಾಪಸ್ ಬಂದವು ತೂತು ಬಿದ್ದರೂ ಬಂದೇ ಬಂದವು, ಬಾರದವುಗಳಿಗೆ ಎಲ್ಲಿ ಬಿತ್ತು ಎಂಬುದು ಮುಖ್ಯ. ನಮ್ಮ ವಿಷಯದಲ್ಲಿ ದೂರು ಕೊಟ್ಟವನು ಒಬ್ಬ ವ್ಯಾಪಾರಿ. ಉಳಿದವರಿಗೆ ಮಾಲು ಚೆನ್ನಾಗಿತ್ತಾ, ಅಥವಾ ಸುಮ್ನೆ ಬೇರೆ ಕಾರ್ಖಾನೆಗೆ ಹೋದರಾ? ಫೋನ್ ಮಾಡಿ ಕೇಳಿದೆವು. ಒಬ್ಬರು, "ಹೌದು, ಸ್ವಲ್ಪ ಮೆತ್ತಗಿತ್ತು, ಹೇಳಿ ಏನಾಗಬೇಕು ಅಂತ ಬಿಟ್ಟೆ" ಎಂದರು. ದೂರು ಕೊಡುವ ಗಿರಾಕಿ ಇನ್ನೂ ನಿಮ್ಮ ಗಿರಾಕಿ.

ಹೆಜ್ಜೆ 7: ಏಕೆ ಎಂದು ಕೇಳುತ್ತ ಹೋಗಿ, ಪ್ರತಿ ಉತ್ತರಕ್ಕೂ ಸಾಕ್ಷಿ ಇಡಿ

ಐದು ಸಲ ಏಕೆ ಎಂದು ಕೇಳುವ ಪದ್ಧತಿ ಟೊಯೋಟಾದಿಂದ ಬಂದದ್ದು. ಅಲ್ಲಿನ ಟೈಚಿ ಓನೋ ಕೊಡುತ್ತಿದ್ದ ಉದಾಹರಣೆ ಪ್ರಸಿದ್ಧ. ಯಂತ್ರ ಯಾಕೆ ನಿಂತಿತು? ಹೆಚ್ಚಿನ ಭಾರಕ್ಕೆ ಫ್ಯೂಸ್ ಹೋಯಿತು. ಭಾರ ಯಾಕೆ ಹೆಚ್ಚಾಯಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಯಾಕೆ? ಎಣ್ಣೆಯ ಪಂಪ್ ಸರಿಯಾಗಿ ಎತ್ತುತ್ತಿರಲಿಲ್ಲ. ಯಾಕೆ? ಪಂಪಿನ ಶಾಫ್ಟ್ ಸವೆದಿತ್ತು. ಯಾಕೆ? ಜಾಲರಿ ಇರಲಿಲ್ಲ, ಲೋಹದ ಪುಡಿ ಒಳಗೆ ಹೋಗಿತ್ತು. ಮೊದಲ ಉತ್ತರಕ್ಕೇ ನಿಂತಿದ್ದರೆ ಫ್ಯೂಸ್ ಬದಲಿಸಿ ಸುಮ್ಮನಾಗುತ್ತಿದ್ದರು.

ನಮ್ಮದು ಹೀಗೆ ಹೋಯಿತು. ಗೋಡಂಬಿ ಯಾಕೆ ಮೆತ್ತಗಾಯಿತು? ತೇವಾಂಶ 5 ದಾಟಿತ್ತು, ಮೀಟರ್ ಸಾಕ್ಷಿ. ಯಾಕೆ ದಾಟಿತು? ಭಾನುವಾರ ಇಡೀ ತೆರೆದ ಟ್ರೇಯಲ್ಲಿತ್ತು, ಟ್ರೇ ಪರೀಕ್ಷೆ ಸಾಕ್ಷಿ. ತೆರೆದ ಟ್ರೇ ಹಿಂದಿನ ವರ್ಷಗಳಲ್ಲೂ ಇತ್ತಲ್ಲ, ಈ ವರ್ಷ ಮಾತ್ರ ಯಾಕೆ? ಟ್ರೇಗಳಿರುವ ದೊಡ್ಡ ಕೋಣೆಯ ತೇವ ಎಳೆಯುವ ಮಿಷನ್ ಭಾನುವಾರ ಓಡುತ್ತಿಲ್ಲ. ಯಾಕೆ ಓಡುತ್ತಿಲ್ಲ? ಕರೆಂಟು ಬಿಲ್ಲು ಇಳಿಸಲು ಮಾರ್ಚ್ ತಿಂಗಳಲ್ಲಿ ಒಂದು ಸೂಚನೆ ಬಂದಿತ್ತು: ಭಾನುವಾರ ಎಲ್ಲ ಮಿಷನ್ ಬಂದ್.

ಸೂಚನೆ ಕೊಟ್ಟವರು ದನಿಗಳೇ.

ಇಲ್ಲಿಗೆ ನಿಲ್ಲಿಸಬೇಡಿ. ಈ ಪದ್ಧತಿಯ ದೊಡ್ಡ ದೋಷ ಎಂದರೆ ಅದು ಒಂದೇ ದಾರದಲ್ಲಿ ಕೆಳಗಿಳಿಯುತ್ತದೆ, ನಿಜವಾದ ಸಮಸ್ಯೆಗೆ ಕವಲು ಇರುತ್ತದೆ. ನಮ್ಮಲ್ಲಿ ಇನ್ನೊಂದು ಕವಲು ಇತ್ತು: ಸೋಮವಾರ ಪ್ಯಾಕ್ ಮಾಡುವ ಮೊದಲು ಇದು ಯಾಕೆ ಗೊತ್ತಾಗಲಿಲ್ಲ? ಯಾಕೆಂದರೆ ತೇವಾಂಶ ನೋಡುತ್ತಿದ್ದದ್ದು ಬೋರ್ಮಾದಿಂದ ಹೊರಬರುವಾಗ ಮಾತ್ರ. ಪ್ಯಾಕಿಂಗ್ ಮೇಜಿನ ಹತ್ತಿರ ಯಾರೂ ನೋಡುತ್ತಿರಲಿಲ್ಲ. ಅದು ನನ್ನ ವಿಭಾಗ. ಮತ್ತೆ, ನಿಮ್ಮ ಕೊನೆಯ ಉತ್ತರ ‘ಅವನು ಗಮನ ಕೊಡಲಿಲ್ಲ’ ಎಂದು ಬಂದರೆ ಇನ್ನೂ ಎರಡು ಸಲ ಏಕೆ ಎಂದು ಕೇಳಿ. ಮನುಷ್ಯ ಮರೆಯುತ್ತಾನೆ ಎಂಬುದು ಕಾರಣ ಅಲ್ಲ, ಅದು ಲೆಕ್ಕದಲ್ಲಿ ಮೊದಲೇ ಇಟ್ಟುಕೊಳ್ಳಬೇಕಾದ ಸಂಗತಿ.

ಹೆಜ್ಜೆ 8: ಮೂರು ಪರಿಹಾರ, ಒಂದು ಶವಪರೀಕ್ಷೆ

ಒಂದೇ ಪರಿಹಾರ ಕೈಯಲ್ಲಿದ್ದರೆ ಅದರ ಮೇಲೆ ಮೋಹ ಬೆಳೆಯುತ್ತದೆ. ಕನಿಷ್ಠ ಮೂರು ಬರೆಯಿರಿ. ನಮ್ಮವು: ಭಾನುವಾರವೂ ಮಿಷನ್ ಓಡಿಸುವುದು, ಶನಿವಾರವೇ ಪ್ಯಾಕಿಂಗ್ ಮುಗಿಸುವುದು, ಉಳಿದದ್ದನ್ನು ಲೈನರಿನಲ್ಲಿ ಕಟ್ಟಿಡುವುದು. ಮೊದಲನೆಯದಕ್ಕೆ ಪ್ರತಿ ವಾರ ಕರೆಂಟಿನ ಖರ್ಚು. ಎರಡನೆಯದಕ್ಕೆ ಶನಿವಾರ ಸಂಜೆ ಹೆಂಗಸರನ್ನು ನಿಲ್ಲಿಸಬೇಕು, ಅವರಿಗೆ ಬಸ್ಸು ತಪ್ಪುತ್ತದೆ. ಲೈನರು ಅಗ್ಗ, ಇವತ್ತೇ ಶುರು ಮಾಡಬಹುದು, ಸರಿಯಾಗದಿದ್ದರೆ ಬಿಟ್ಟುಬಿಡಬಹುದು. ವಾಪಸ್ ತಿರುಗಲು ಆಗುವ ಪರಿಹಾರವನ್ನು ಮೊದಲು ಮಾಡಿ ನೋಡಿ.

ಆರಿಸಿದ ಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳಿಕೊಟ್ಟ ಒಂದು ಉಪಾಯ ಮಾಡಿ. 2007ರ ಒಂದು ಲೇಖನದಲ್ಲಿ ಅವರು ಇದನ್ನು ವಿವರಿಸಿದ್ದಾರೆ. ಕೆಲಸ ಶುರು ಮಾಡುವ ಮೊದಲೇ, ಅದು ಸತ್ತುಹೋಗಿದೆ ಎಂದು ಎಣಿಸಿಕೊಂಡು ಶವಪರೀಕ್ಷೆ ಮಾಡುವುದು. ನಾನು ತಂಡಕ್ಕೆ ಹೇಳಿದೆ: "ಮುಂದಿನ ಆಗಸ್ಟ್ ಬಂದಿದೆ. ಮತ್ತೆ ದೂರು ಬಂದಿದೆ. ಯಾಕೆ ಅಂತ ಒಬ್ಬೊಬ್ಬರು ಚೀಟಿಯಲ್ಲಿ ಬರೆಯಿರಿ." ‘ಇದು ಆಗುತ್ತದಾ?’ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಹೀಗೆ ಕೇಳಿದ್ದಕ್ಕೆ ಬಂದ ಚೀಟಿಗಳು: ಲೈನರ್ ಖಾಲಿ ಆಯಿತು, ತರಿಸಲಿಲ್ಲ. ಲೈನರ್ ಹರಿದಿತ್ತು. ಮೀಟರಿನ ಬ್ಯಾಟರಿ ಹೋಯಿತು. ಹೊಸ ಹುಡುಗನಿಗೆ ಯಾರೂ ಹೇಳಲಿಲ್ಲ. ಪ್ರತಿಯೊಂದಕ್ಕೂ ಅಲ್ಲೇ ಒಂದು ಸಣ್ಣ ವ್ಯವಸ್ಥೆ ಮಾಡಿದೆವು. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಸೋಮವಾರ ಮೊದಲ ಪೌಚ್ ಸೀಲ್ ಆಗುವ ಮೊದಲು ಮೀಟರ್ ರೀಡಿಂಗ್ ರಿಜಿಸ್ಟರಿನಲ್ಲಿ ಇರಬೇಕು. 5 ದಾಟಿದರೆ ಮತ್ತೆ ಒಣಗಿಸಲು ಹೋಗಬೇಕು.

ಹೆಜ್ಜೆ 9: ಮೇಲಿನವರಿಗೆ ಹೇಳುವುದು

ಕಾರಣದ ಒಂದು ತುದಿ ದನಿಗಳ ಸೂಚನೆಯಲ್ಲೇ ಇತ್ತಲ್ಲ, ಅದನ್ನು ಹೇಳುವುದು ಹೇಗೆ? ಕೆಲವರು ಹೇಳದೆ ಬಿಡುತ್ತಾರೆ. ಕೆಲವರು ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿ ಗೆದ್ದೆ ಎಂದುಕೊಳ್ಳುತ್ತಾರೆ. ಎರಡೂ ಕೆಲಸಕ್ಕೆ ಬಾರದು.

ನಾನು ಊಟದ ನಂತರ, ಅವರು ಒಬ್ಬರೇ ಇದ್ದಾಗ ಹೋದೆ. ಮೊದಲು ನನ್ನ ತಪ್ಪು ಹೇಳಿದೆ, ಎಲಿಮೆಂಟಿಗೆ ಸುಮ್ನೆ ಹಣ ಹಾಕಿಸಿದ್ದು, ಪ್ಯಾಕಿಂಗ್ ಹತ್ತಿರ ಮೀಟರ್ ಇಡದೇ ಇದ್ದದ್ದು. ಆಮೇಲೆ ಒಂದು ಹಾಳೆ ಕೊಟ್ಟೆ. ವಾರದ ಲೆಕ್ಕ, ಮೂರು ಟ್ರೇಗಳ ರೀಡಿಂಗ್, ಮೂರು ಪರಿಹಾರ ಮತ್ತು ಖರ್ಚು. ಇಷ್ಟೇ ಹೇಳಿದೆ: "ಮಾರ್ಚ್‌ನ ನಿಯಮ ಬೇಸಿಗೆಗೆ ಸರಿಯಾಗೇ ಇತ್ತು. ಮಳೆಗಾಲಕ್ಕೆ ಬೇರೆ ಬೇಕು ಅಂತ ಕಾಣ್ತದೆ." ಅದು ಅವರನ್ನು ಮೆಚ್ಚಿಸಲು ಹೇಳಿದ್ದಲ್ಲ, ನಿಜವೇ. ಏಪ್ರಿಲ್, ಮೇ ತಿಂಗಳಲ್ಲಿ ದೂರಿರಲಿಲ್ಲ, ಬಿಲ್ಲೂ ಇಳಿದಿತ್ತು. ಹೆಚ್ಚಿನ ಕೆಟ್ಟ ನಿಯಮಗಳು ಹೀಗೇ, ಮಾಡಿದ ದಿನ ಒಳ್ಳೆಯವೇ ಆಗಿರುತ್ತವೆ.

ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಮಾತಾಡಲಿಲ್ಲ. ಕೊನೆಗೆ, "ಲೈನರಿಗೆ ಎಷ್ಟಾಗ್ತದೆ?" ಎಂದರು.

ಹೆಜ್ಜೆ 10: ಮೊದಲೇ ಹೇಳಿಟ್ಟ ದಿನಾಂಕಕ್ಕೆ ತಿರುಗಿ ನೋಡಿ, ಒಂದು ಪುಟ ಬರೆದಿಡಿ

ಪರಿಹಾರ ಕೆಲಸ ಮಾಡಿತು ಎಂದು ಯಾವಾಗ, ಯಾವ ಅಂಕಿ ನೋಡಿ ಒಪ್ಪುತ್ತೀರಿ ಎಂಬುದನ್ನು ಮೊದಲೇ ಬರೆದಿಡಬೇಕು. ನಾವು ಬರೆದದ್ದು: ಸೆಪ್ಟೆಂಬರ್ ಕೊನೆಯವರೆಗೆ ಪ್ರತಿ ಸೋಮವಾರದ ರೀಡಿಂಗ್ 5ರ ಒಳಗೆ ಇರಬೇಕು. ಅಕ್ಟೋಬರ್‌ನಲ್ಲಿ ನೋಡಿದರೆ ಅರ್ಥವಿಲ್ಲ, ಮಳೆ ಹೋದ ಮೇಲೆ ಏನು ಮಾಡಿದರೂ ಮಾಡದಿದ್ದರೂ ಗೋಡಂಬಿ ಗರಿಗರಿಯಾಗೇ ಇರುತ್ತದೆ. ಒಂದು ಸೋಮವಾರ 5.6 ಬಂತು. ಹುಡುಕಿದರೆ ಹರಿದ ಲೈನರು. ಚೀಟಿಯಲ್ಲಿ ಬರೆದದ್ದೇ.

ಬರೆದಿಡುವ ಪುಟ ಹೆಚ್ಚು ಉದ್ದ ಬೇಡ. ಸಮಸ್ಯೆಯ ವಾಕ್ಯ, ಸಿಕ್ಕ ಕಾರಣ ಮತ್ತು ಸಾಕ್ಷಿ, ಮಾಡಿದ ಬದಲಾವಣೆ, ತಪ್ಪಾದ ಊಹೆಗಳು. ಕೊನೆಯದನ್ನು ಜನ ಬಿಡುತ್ತಾರೆ. ಬಿಟ್ಟರೆ ಮುಂದೆ ಬರುವವನು ಮತ್ತೆ ಸೀಲಿಂಗ್ ಎಲಿಮೆಂಟ್ ಬದಲಿಸುತ್ತಾನೆ. ಫೈಲಿನಲ್ಲಿ ಇಡಬೇಡಿ, ಕೆಲಸ ನಡೆಯುವ ಜಾಗದ ಗೋಡೆಗೆ ಅಂಟಿಸಿ.

ನಮ್ಮ ಪುಟ ಪ್ಯಾಕಿಂಗ್ ಮೇಜಿನ ಎದುರು ಇತ್ತು. ಮರುವರ್ಷ ಮಳೆಗಾಲದಲ್ಲಿ ನೋಡಿದಾಗ ಅದರ ಕೆಳಗೆ ಪೆನ್ಸಿಲಿನಲ್ಲಿ ಯಾರೋ ಒಂದು ಸಾಲು ಸೇರಿಸಿದ್ದರು: ‘ಅಷ್ಟಮಿ, ಚೌತಿ ರಜೆಯ ಹಿಂದಿನ ದಿನವೂ ಹೀಗೇ ಕಟ್ಟಿಡಬೇಕು.’